ಬಂದಾನ ಮತ್ತು ಬಂದಾನು

‘ಗೋ ಅನ್ನೋದರ ಭೂತಕಾಲ ವೆಂಟ್ ಹ್ಯಾಂಗ ಆತ್ರೀ ಸರ್?’ ಎಂದು ಇಂಡಿಯ ಕಡೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಕೇಳಿದನು. ಪ್ರಶ್ನೆ ಸಮಂಜಸವಾದುದೇ. ಆ ಎರಡು ಶಬ್ದಗಳಿಗೂ ಹುಟ್ಟಿನ ನಂಟಿಲ್ಲ. ವೆಂಟ್ ಎಂಬುದು ‘ವೆಂಡ್’ ಎಂಬ ಬೇರೊಂದು ಧಾತುವಿನ ಭೂತರೂಪ. ತಿರುಗು, ದಾರಿ ಹಿಡಿದು ನಡೆ ಎಂದು ಅದರ ಅರ್ಥ. ಸೆಂಡ್ ಎಂಬುದು ಸೆಂಟ್ ಆದಂತೆ ವೆಂಡ್ ಎಂಬುದು ವೆಂಟ್ ಆಯಿತು. ಹಳೆಯ ಇಂಗ್ಲಿಷಿನಲ್ಲಿ ಗೋ ಧಾತುವಿಗೆ ‘ಎಯೋಡೆ’ ಎಂಬ ರೂಪವಿದ್ದಿತು. 15ನೆಯ ಶತಮಾನದ ಸುಮಾರಿಗೆ ಅದು ಮೂಲೆಗೆ ಸರಿಯಿತು. ವೆಂಟ್ ದತ್ತುಮಗನಾಗಿ ಆ ಮನೆಯನ್ನು ಸೇರಿತು. ಮಗನನ್ನು ಕಳೆದುಕೊಂಡ ವೆಂಡ್ ತನಗಾಗಿ ‘ವೆಂಡೆಡ್’ ಎಂಬ ಹೊಸ ರೂಪವನ್ನು ಮಾಡಿಕೊಂಡಿತು. ಸ್ಕಾಟ್ಲೆಂಡಿನ ಆಡುನುಡಿಯಲ್ಲಿ ಮಾತ್ರ ‘ಗೇಡ್’ ಎಂಬ ರೂಪವು ಬಳಕೆಯಲ್ಲಿದ್ದಿತು. ಅದು ಅಲ್ಲಿಯವರ ತಪ್ಪಲ್ಲ, ಅಲ್ಲಿಯವರ ವಾಡಿಕೆ.

ಇಷ್ಟನ್ನೆಲ್ಲ ಗಂಭೀರವಾಗಿ ವಿವರಿಸಿದ ನಾನು, ಕನ್ನಡದ ಒಂದು ಭೂತರೂಪದ ಮುಂದೆ ಮುಗ್ಗರಿಸಿದ ಕಥೆಯನ್ನೂ ವಾಚಕರಿಗೆ ಹೇಳಬೇಕು.

ನಾನು ಮೈಸೂರು ಸೀಮೆಯವನು. ವಿಜಯಪುರ ಜಿಲ್ಲೆಗೆ ಬಂದ ಹೊಸತರಲ್ಲಿ ಕಾಲೇಜಿನ ಪ್ರವೇಶ ಸಂದರ್ಶನಕ್ಕೆ ಕುಳಿತಿದ್ದೆನು. ಹುಡುಗನೊಬ್ಬನ ಹೆಸರನ್ನು ಕೂಗಿದಾಗ, ಸಿಂದಗಿಯ ಕಡೆಯ ವೃದ್ಧರೊಬ್ಬರು ಎದ್ದು ನಿಂತು ‘ಬಂದಾನ್ರೀ ಸಾಹೇಬ್ರ’ ಎಂದರು. ನನ್ನ ಕಿವಿಗೆ ಅದು ‘ಬಂದಾನು’ ಎಂದು ಕೇಳಿಸಿತು. ಎಂದರೆ, ಬಂದರೂ ಬರಬಹುದು! ‘ಗೈರುಹಾಜರು’ ಎಂದು ಬರೆದು ಮುಂದಿನ ಹೆಸರನ್ನು ಕೂಗಿಸಿದೆನು. ಹುಡುಗನು ಹೊರಗೆ ನಲ್ಲಿಯ ಬಳಿ ನೀರು ಕುಡಿಯುತ್ತಿದ್ದನು. ಮುದ್ದೇಬಿಹಾಳದವರಾದ ನನ್ನ ಸಹೋದ್ಯೋಗಿಯೊಬ್ಬರು ಆಗ ತಡೆಯದಿದ್ದರೆ, ಅವನ ಒಂದು ವರ್ಷ ನನ್ನ ವ್ಯಾಕರಣಕ್ಕೆ ಬಲಿಯಾಗುತ್ತಿದ್ದಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಾತಿನಲ್ಲಿ ‘ಬಂದ’ ಎಂದರೆ ಬಂದನು. ‘ಬಂದಾನ’ ಎಂದರೆ ಬಂದಿದ್ದಾನೆ, ಬಂದು ಇಲ್ಲಿಯೇ ಇದ್ದಾನೆ. ಬಂದಾಳ, ಬಂದಾರ ಎಂಬುವೂ ಹಾಗೆಯೇ. ಗ್ರಂಥಭಾಷೆಯ ‘ಬಂದಾನು’ ಸಂಭಾವನೆಯನ್ನು ಸೂಚಿಸುವ ರೂಪ. ಎರಡರಲ್ಲಿಯೂ ಇರುವುದು ‘ಬಂದ್’ ಎಂಬ ಭೂತಕಾಲದ ಅಂಗವೇ. ಆದರೆ ಒಂದು ಆದುದನ್ನು ಹೇಳುತ್ತದೆ, ಇನ್ನೊಂದು ಆಗಬಹುದಾದುದನ್ನು. ಕೊನೆಯ ಒಂದು ಉಕಾರದಲ್ಲಿ ಹಾಜರಿಗೂ ಗೈರುಹಾಜರಿಗೂ ಇರುವ ಅಂತರವೆಲ್ಲ ಅಡಗಿದೆ.

ಇದೇ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಪ್ರಕಟಿಸಿದಾಗ, ಬೀಸುವ ಕಲ್ಲಿನ ಮುಂದಿನ ಹೆಣ್ಣುಮಕ್ಕಳ ನುಡಿಗೆ ವಿದ್ವಾಂಸರೇ ತಲೆದೂಗಿದರು. ಹಾಗಿದ್ದೂ ನಮ್ಮ ಅಭ್ಯಾಸ ತಪ್ಪಿಲ್ಲ. ಇಂಗ್ಲಿಷಿನ ವೆಂಟ್ ಎದುರಾದರೆ ಅದರ ವಂಶಾವಳಿಯನ್ನು ಹುಡುಕುತ್ತೇವೆ; ನಮ್ಮ ಹುಡುಗನು ‘ಬಂದಾನ’ ಎಂದು ಬರೆದರೆ ಕೆಂಪು ಶಾಯಿಯನ್ನು ಹುಡುಕುತ್ತೇವೆ. ಪರೀಕ್ಷೆಗೆ ‘ಬಂದಿದ್ದಾನೆ’ ಬೇಕಾದರೆ ಅದನ್ನು ಅವಶ್ಯವಾಗಿ ಕಲಿಸೋಣ. ಆದರೆ ನಿನ್ನ ಮನೆಯ ಮಾತು ತಪ್ಪು ಎಂದು ಹೇಳುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಅಂದಿನಿಂದ, ಯಾರಾದರೂ ‘ಬಂದಾನ್ರೀ’ ಎಂದರೆ ನಾನು ಲೇಖನಿಯನ್ನು ಕೆಳಗಿಟ್ಟು ಬಾಗಿಲ ಕಡೆಗೆ ನೋಡುತ್ತೇನೆ.