ಅತಿಥಿಸತ್ಕಾರವೂ ಕಾಯಕವೇ



ಮನೆಗೆ ಬಂದವರನ್ನು ನಗುಮುಖದಿಂದ ಆದರಿಸಿ ಪ್ರಸಾದಕ್ಕೆ ಕೂರಿಸುವ ಹೆಣ್ಣುಮಗಳನ್ನು ನಾವು ಮನೆತನದ ಕೀರ್ತಿಯೆಂದು ಕೊಂಡಾಡುತ್ತೇವೆ. ಅದೇ ಆದರವನ್ನು ಅವಳು ಸಂಬಳಕ್ಕಾಗಿ ಹೊರಗೆ ಸಲ್ಲಿಸಹೊರಟರೆ ಮಾತ್ರ ನಮ್ಮ ಹುಬ್ಬು ಗಂಟಿಕ್ಕುತ್ತದೆ. ಈ ಇಬ್ಬಗೆಯ ಧೋರಣೆಯು ವಿಚಾರಣೀಯವಾದುದು.

ರೂಪನಗುಡಿಯ ಗೃಹಸ್ಥರೊಬ್ಬರು ಇದೇ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಪದವಿ ಮುಗಿಸಿದ ಮಗಳು ಕಮಲಾಪುರದ ಕಡೆಯ ಸಫಾರಿ ಬಿಡಾರವೊಂದರಲ್ಲಿ ಹೋಸ್ಟೆಸ್ ಕೆಲಸಕ್ಕೆ ಸೇರಬಯಸಿದ್ದಾಳೆ. "ಕಂಡವರಿಗೆಲ್ಲ ನಗೆ ಬೀರುವ ಕೆಲಸ, ಗುರುಗಳೇ. ನಾಳೆ ಸಂಬಂಧ ಕೇಳಿ ಬರುವವರು ಏನೆಂದುಕೊಂಡಾರು?" ಎಂಬುದು ಅವರ ಅಳಲು.

ಮೊದಲು ಆ ಕೆಲಸವೇನೆಂದು ತಿಳಿಯೋಣ. ದರೋಜಿಯ ಕರಡಿಧಾಮವು 1994ರಲ್ಲಿ ಘೋಷಿತವಾಯಿತು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಕಮಲಾಪುರದ ಬಳಿ 2017ರಲ್ಲಿ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯವು ತೆರೆಯಿತು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು 1980ರಲ್ಲಿ ಸ್ಥಾಪನೆಗೊಂಡು, ಕಬಿನಿ ಹಿನ್ನೀರಿನ ಕಾರಾಪುರದಿಂದ ಕಮಲಾಪುರದವರೆಗೂ ಇಂತಹ ತಂಗುದಾಣಗಳನ್ನು ನಡೆಸುತ್ತಿದೆ. ಖಾಸಗಿಯವರ ಬಿಡಾರಗಳೂ ನಾಡಿನಲ್ಲಿ ಹಲವಿವೆ. ಇಂಥಲ್ಲಿ ಹೋಸ್ಟೆಸ್ ಆದವಳು ದಣಿದು ಬಂದವರನ್ನು ಬರಮಾಡಿಕೊಂಡು ಕೋಣೆ ತೋರಿಸಬೇಕು. ಸಫಾರಿಯ ವೇಳೆ ತಿಳಿಸಬೇಕು. ಕಾಡಿನಲ್ಲಿ ಗದ್ದಲ ಮಾಡಬಾರದು, ವಾಹನದಿಂದ ಇಳಿಯಬಾರದು, ಪ್ರಾಣಿಗಳಿಗೆ ತಿನಿಸು ಎಸೆಯಬಾರದು ಎಂದು ಮನವರಿಕೆ ಮಾಡಿಕೊಡಬೇಕು. ವೀಕ್ಷಣಾಗೋಪುರದಲ್ಲಿ ಸಂಜೆಯವರೆಗೆ ಕಾದರೂ ಕರಡಿ ಕಾಣಲಿಲ್ಲವೆಂದು ಸಿಡುಕುವವರನ್ನು ಸಮಾಧಾನಪಡಿಸಬೇಕು. ಹಣ ಕೊಟ್ಟವರಿಗೂ ಕಾಡಿನ ಮರ್ಯಾದೆಯನ್ನು ಕಲಿಸುವ ಈ ಹೊಣೆಯು ಬರಿಯ ನಗೆಯಿಂದ ಆಗುವಂಥದಲ್ಲ. ಅದಕ್ಕೆ ವಿವೇಕ ಬೇಕು, ಧೈರ್ಯವೂ ಬೇಕು.

ಶರಣರು ಕೆಲಸದ ಹೆಸರನ್ನು ನೋಡಿದವರಲ್ಲ. ಮಾಡುವವರ ಮನಸ್ಸಿನ ಶುದ್ಧಿಯನ್ನು ನೋಡಿದವರು. ಅಂಗಳ ಗುಡಿಸಿದ ಸತ್ಯಕ್ಕ ಶರಣೆಯಾದಳು. ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದ ಪತಿ ಮಾರಯ್ಯ ಒಂದು ದಿನ ಹೆಚ್ಚು ತಂದಾಗ, ಅದು ಆಸೆಯ ಫಲವೆಂದು ಹಿಂದಿರುಗಿಸಿದವಳು ಆಯ್ದಕ್ಕಿ ಲಕ್ಕಮ್ಮ. ಪ್ರವಾಸಿಗರು ಕೈಗಿಡುವ ಟಿಪ್ಸಿನ ಆಸೆಗೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಉಪಚಾರ ಮಾಡದವಳು ಇಂದಿಗೂ ಲಕ್ಕಮ್ಮನ ಹಾದಿಯವಳೇ. ನಸುಕಿನಲ್ಲೇ ಕೆಲಸಕ್ಕೆ ನಿಲ್ಲಬೇಕಾದವಳ ಪೂಜೆಯ ಗತಿಯೇನೆಂದು ಕೆಲವರು ಕೇಳುವರು. ಇಷ್ಟಲಿಂಗವು ಅಂಗದ ಮೇಲೆಯೇ ಇರುವಾಗ ಗುಡಿ ಹುಡುಕುವ ಚಿಂತೆಯಿಲ್ಲ. ಅರ್ಧ ಗಳಿಗೆ ಮೊದಲೇ ಎದ್ದರೆ ಸಾಕು. ಮಾಂಸಾಹಾರವನ್ನಾಗಲಿ ಮದ್ಯವನ್ನಾಗಲಿ ಬಡಿಸಲು ಒಲ್ಲದವಳು ಅದನ್ನು ಸೇರುವ ಮುನ್ನವೇ ತಿಳಿಸಿಬಿಡುವುದು ಪ್ರಾಮಾಣಿಕತೆ.

ಆದರೆ ತಂದೆಯ ಭಯವೆಲ್ಲ ಹುಸಿಯಲ್ಲ. ನಸುಕಿಗೂ ರಾತ್ರಿಗೂ ಕೆಲಸವಿರುವುದರಿಂದ ರೂಪನಗುಡಿಯಿಂದ ದಿನವೂ ಹೋಗಿಬರುವುದು ದುಸ್ತರ. ಅಲ್ಲಿಯೇ ವಾಸ್ತವ್ಯ ಅನಿವಾರ್ಯ. ಸೌಜನ್ಯವನ್ನು ಸಲಿಗೆಯೆಂದು ತಿಳಿಯುವ ಅತಿಥಿಗಳೂ ಇಲ್ಲದಿಲ್ಲ. ಆದಕಾರಣ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಸತಿಯಿದೆಯೇ? ಅದರ ಬಾಗಿಲು, ಚಿಲಕ ಭದ್ರವೇ? ಜೊತೆಗೆ ಹಿರಿಯ ಹೆಣ್ಣುಮಕ್ಕಳು ಇರುವರೇ? ವಾರದ ರಜೆ, ಸಂಬಳ, ಭವಿಷ್ಯನಿಧಿಗಳು ಬರವಣಿಗೆಯಲ್ಲಿ ಇವೆಯೇ? 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವೆಡೆ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸಲು ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷತೆ ಮಹಿಳೆಯದೇ ಆಗಿರಬೇಕು. ಆ ಸಮಿತಿಯಲ್ಲಿ ಯಾರಿರುವರೆಂಬ ಪ್ರಶ್ನೆಗೆ ಮಾಲೀಕನು ತಡವರಿಸಿದನೆಂದರೆ, ಮಗಳನ್ನು ಅಲ್ಲಿಗೆ ಕಳಿಸದಿರುವುದೇ ಲೇಸು. ಅಲ್ಲಿ ದೋಷವಿರುವುದು ಬಿಡಾರದ ವ್ಯವಸ್ಥೆಯಲ್ಲಿ, ಅವಳ ಕಾಯಕದಲ್ಲಿ ಅಲ್ಲ.

ಇನ್ನು ಸಂಬಂಧದ ಮಾತು. ದುಡಿದು ತಂದ ಸಂಬಳವನ್ನು ಒಪ್ಪಿ, ದುಡಿದ ಬಗೆಯನ್ನು ಹಳಿಯುವ ಮನೆತನವು ನಮ್ಮ ಮಗಳಿಗೆ ತಕ್ಕುದಲ್ಲ. ಅಂಥವರು ತಾವಾಗಿಯೇ ಹಿಂದೆ ಸರಿದರೆ ನಷ್ಟವೇನು?

ತಾಯಿತಂದೆಗಳು ಒಮ್ಮೆ ಮಗಳೊಡನೆ ಹೋಗಿ ಆ ಸ್ಥಳವನ್ನು ಕಣ್ಣಾರೆ ಕಂಡು, ಅಲ್ಲಿ ದುಡಿಯುತ್ತಿರುವ ಹೆಣ್ಣುಮಕ್ಕಳನ್ನು ಮಾತನಾಡಿಸಿ, ಅನಂತರ ಅವಳೊಡನೆ ಕುಳಿತು ನಿರ್ಧರಿಸಲಿ. ಬೇಡವೆನ್ನುವುದಾದರೂ ಕಾರಣ ಹೇಳಿ ಬೇಡವೆನ್ನಲಿ. ನೆರೆಹೊರೆಯ ಬಾಯಿಗೆ ಅಂಜಿ ಮಾತ್ರ ಬೇಡವೆನ್ನದಿರಲಿ.