ಪ್ರಗತಿ ಎಂಬ ಏಣಿ

“ಊರು ಇನ್ನೂ ಐವತ್ತು ವರ್ಷ ಹಿಂದಿದೆ” ಎಂಬ ಮಾತು ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾತು ಸಣ್ಣದು, ಅದರ ಹಿಂದಿರುವ ತತ್ತ್ವ ಸಣ್ಣದಲ್ಲ. ಚರಿತ್ರೆ ಒಂದು ಏಣಿ, ಎಲ್ಲ ಜನರೂ ಅದನ್ನೇ ಹತ್ತುತ್ತಿದ್ದಾರೆ, ಕಾಲ ಸರಿದಂತೆ ಎಲ್ಲರೂ ತಾವಾಗಿಯೇ ಮೇಲಕ್ಕೆ ಬರುತ್ತಾರೆ ಎಂಬ ತತ್ತ್ವವದು. ಅದು ಸುಳ್ಳು, ಅಪಾಯಕಾರಿಯೂ ಹೌದು ಎಂಬುದು ನಮ್ಮ ವಾದ.

ನಮಗಾಗಿ ಈ ಏಣಿಯನ್ನು ತಂದಿಟ್ಟವರು ಯಾರು? ಜೇಮ್ಸ್ ಮಿಲ್ 1817ರಲ್ಲಿ ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಪ್ರಕಟಿಸಿದರು. ಅವರು ಭಾರತಕ್ಕೆ ಕಾಲಿಟ್ಟವರಲ್ಲ, ನಮ್ಮ ಒಂದು ಭಾಷೆಯನ್ನೂ ಕಲಿತವರಲ್ಲ. ಆದರೂ ನಾಗರಿಕತೆಯ ಕೆಳಗಿನ ಮೆಟ್ಟಿಲಲ್ಲಿ ನಮ್ಮನ್ನು ಕೂರಿಸಿದರು. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರಿಗೆ ಲಂಡನ್ನಿನ ತನ್ನ ಕಚೇರಿಯಲ್ಲಿ ಹುದ್ದೆ ಕೊಟ್ಟಿತು. ಮಗ ಜಾನ್ ಸ್ಟುವರ್ಟ್ ಮಿಲ್ ಕೂಡ 1823ರಿಂದ 1858ರವರೆಗೆ ಅದೇ ಕಂಪನಿಯಲ್ಲಿ ದುಡಿದರು. ಸ್ವಾತಂತ್ರ್ಯವನ್ನು ಕುರಿತ ಅವರ 1859ರ ಗ್ರಂಥ ಜಗತ್ಪ್ರಸಿದ್ಧ. ಆ ಸ್ವಾತಂತ್ರ್ಯ ಹಿಂದುಳಿದ ಸಮಾಜಗಳಿಗೆ ಅನ್ವಯಿಸದು, ಅವರ ಸುಧಾರಣೆಯೇ ಗುರಿಯಾಗಿದ್ದರೆ ನಿರಂಕುಶ ಆಡಳಿತವೂ ನ್ಯಾಯವೇ ಎಂಬ ಮಾತೂ ಆ ಗ್ರಂಥದಲ್ಲಿಯೇ ಇದೆ. “ನೀವು ಹಿಂದಿದ್ದೀರಿ” ಎಂದವನ ಮುಂದಿನ ಮಾತು “ಆದ್ದರಿಂದ ನಾವು ಆಳುತ್ತೇವೆ” ಎಂದೇ ಆಯಿತು.

ಆಳುವವರ ಮಾತು ಹಾಗಿರಲಿ, ಕಾಲ ಸರಿದಂತೆ ನ್ಯಾಯ ಬೆಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರು ಫ್ರಾನ್ಸಿನತ್ತ ನೋಡಲಿ. ಮಾನವನ ಪ್ರಗತಿಗೆ ಎಲ್ಲೆಯೇ ಇಲ್ಲವೆಂದು ನಂಬಿದ್ದ ಕೊಂದೋರ್ಸೆ, ಹೆಂಗಸರಿಗೂ ಪೌರಹಕ್ಕು ಬೇಕೆಂದು 1790ರಲ್ಲಿಯೇ ಬರೆದರು. ಕ್ರಾಂತಿಯ ಸರಕಾರ ಬಂಧನದ ಆಜ್ಞೆ ಹೊರಡಿಸಿದಾಗ ತಲೆಮರೆಸಿಕೊಂಡು, ಪ್ರಗತಿಯನ್ನು ಕುರಿತ ತಮ್ಮ ಗ್ರಂಥವನ್ನು ಬರೆದರು. 1794ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡರು. ಫ್ರೆಂಚ್ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1944ರಲ್ಲಿ! ವಸಾಹತುಗಳಲ್ಲಿ ಗುಲಾಮಗಿರಿಯನ್ನು 1794ರಲ್ಲಿ ರದ್ದು ಮಾಡಿದ ದೇಶವೇ 1802ರಲ್ಲಿ, ನೆಪೋಲಿಯನ್ನನ ಆಳ್ವಿಕೆಯಲ್ಲಿ, ಅದನ್ನು ಮರಳಿ ತಂದಿತು. ಮತ್ತೆ ರದ್ದಾಗಲು 1848 ಬರಬೇಕಾಯಿತು. ಸಾಂ ದೊಮಾಂಗ್ ವಸಾಹತಿನ ಗುಲಾಮರು ಮಾತ್ರ ಕಾಲಕ್ಕಾಗಿ ಕಾಯಲಿಲ್ಲ. ಬಂಡೆದ್ದು ಹೋರಾಡಿ, 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶವನ್ನೇ ಕಟ್ಟಿಕೊಂಡರು.

ನಮ್ಮ ದೇಶದಲ್ಲಿಯೂ ಏಣಿಯ ಲೆಕ್ಕ ತಪ್ಪಿತು. ಬಹುಪಾಲು ಜನರಿಗೆ ಓದುಬರಹ ಬಾರದಿದ್ದ ಭಾರತ, 1950ರ ಸಂವಿಧಾನದ ಮೂಲಕ ಗಂಡು ಹೆಣ್ಣೆನ್ನದೆ ವಯಸ್ಕರೆಲ್ಲರಿಗೂ ಮತ ಕೊಟ್ಟಿತು. ಸಿರಿವಂತ ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ರಾಷ್ಟ್ರಮಟ್ಟದಲ್ಲಿ ಮತ ಸಿಕ್ಕಿದ್ದು 1971ರಲ್ಲಿ. ಅದೇ ನಮ್ಮ ಸಂವಿಧಾನ, 14 ವರ್ಷದವರೆಗಿನ ಮಕ್ಕಳಿಗೆ 10 ವರ್ಷಗಳೊಳಗೆ ಉಚಿತ ಕಡ್ಡಾಯ ಶಿಕ್ಷಣ ಒದಗಿಸಲು ಸರಕಾರ ಯತ್ನಿಸಬೇಕೆಂದಿತ್ತು. ಆ ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಗೆ ಬಂದದ್ದು 2010ರಲ್ಲಿ. ಮತದ ಹಕ್ಕನ್ನು ನಿಶ್ಚಯಿಸಿ ಕೊಟ್ಟರು. ಶಾಲೆಯನ್ನು ಕಾಲಕ್ಕೆ ಬಿಟ್ಟರು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವಿರೋಧವನ್ನು ಬೇಗ ತೊಲಗಿಸದಿದ್ದರೆ ಪ್ರಜಾಪ್ರಭುತ್ವವೇ ಉರುಳೀತೆಂದು ಅಂಬೇಡ್ಕರರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಕಾಲವೇ ಎಲ್ಲವನ್ನೂ ಸರಿಪಡಿಸೀತೆಂದು ಅವರು ನಂಬಿ ಕೂರಲಿಲ್ಲ.

“ಇದು ಕಲಿಗಾಲ, ಎಲ್ಲ ಕೆಡುತ್ತದೆ” ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. “ಕಾಲ ಬದಲಾಗುತ್ತಿದೆ, ಎಲ್ಲ ಸರಿಹೋಗುತ್ತದೆ” ಎನ್ನುವ ಕಿರಿಯರೂ ಇದ್ದಾರೆ. ಇಬ್ಬರೂ ಹೊಣೆಯನ್ನು ಕಾಲದ ತಲೆಗೆ ಕಟ್ಟಿ ಕೈಕಟ್ಟಿ ಕೂರುವವರೇ.

ನಾವು ಪ್ರಗತಿಯ ವಿರೋಧಿಗಳಲ್ಲ. ಪ್ರಗತಿ ಜನರ ಗಳಿಕೆ. ಕಾಯದಿದ್ದರೆ ಕೈಬಿಟ್ಟು ಹೋಗುವಂಥದು ಎಂದಷ್ಟೇ ಹೇಳುತ್ತಿದ್ದೇವೆ. ಆದ್ದರಿಂದ ಊರು ಹಿಂದಿದೆ ಎಂದು ಸುಮ್ಮನಾಗುವುದು ಬೇಡ. ಅಲ್ಲಿನ ಶಾಲೆಗೆ ಮೇಷ್ಟರು ಏಕಿಲ್ಲ, ಹುಡುಗಿ ನಡುವೆಯೇ ಓದು ಬಿಟ್ಟದ್ದೇಕೆ, ಕೆರೆಯ ನೀರು ಯಾರ ಗದ್ದೆಗೆ ಹೋಗುತ್ತದೆ, ಯಾರ ಗದ್ದೆಗೆ ಹೋಗುವುದಿಲ್ಲ ಎಂದು ಕೇಳೋಣ. ನಾವು ನೆಲೆಸಿರುವ ನಗರದ ಬಗೆಗೂ ಇಂಥವೇ ಪ್ರಶ್ನೆಗಳನ್ನು ಕೇಳೋಣ. ಇವಕ್ಕೆ ಉತ್ತರ ಹೇಳಬೇಕಾದವರು ಕಾಲಪುರುಷನಲ್ಲ, ನಮ್ಮ ನಡುವಿನ ಮನುಷ್ಯರು.