ರೆಕ್ಕೆ ಬಂದ ಬಸ್ಸು, ಹಾರುವ ಓತಿ: ಮಕ್ಕಳ ಕೈಗೆ ಯಾವ ಕಾದಂಬರಿ ಕೊಡೋಣ?

ಇವತ್ತು ಅತಿಥಿಗಳಿಲ್ಲ, ಸಂದರ್ಶನ ಇಲ್ಲ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿರೋ ನಮ್ಮ ಮನೆಯಿಂದ ನಾನೊಬ್ಬನೇ ಮಾತಾಡ್ತಿದ್ದೀನಿ. ಮಧ್ಯೆ ಮಧ್ಯೆ ಮಟಾಟು ಹಾರ್ನ್ ಕೇಳಿಸಿದರೆ ಸಹಿಸಿಕೊಳ್ಳಿ.

ಇಲ್ಲಿನ ಕನ್ನಡ ಕುಟುಂಬಗಳು ಯುಗಾದಿಗೋ ರಾಜ್ಯೋತ್ಸವಕ್ಕೋ ಸೇರಿದಾಗ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳ್ತಾರೆ: "ನೀವು ಸೈನ್ಸ್ ಪಾಡ್‌ಕಾಸ್ಟ್ ಮಾಡ್ತೀರಲ್ಲ, ನಮ್ಮ ಹುಡುಗ ಹೊತ್ತು ಗೊತ್ತಿಲ್ಲದೆ ಆ ಮಂತ್ರದ್ದು, ಡ್ರ್ಯಾಗನ್ನಿಂದು ಪುಸ್ತಕಾನೇ ಓದ್ತಾನೆ. ಬಿಡಿಸೋದು ಹೇಗೆ?"

ಬಿಡಿಸಬೇಡಿ ಅಂತೀನಿ. ಈ ಉತ್ತರ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಮೂರು ವರ್ಷದ ಹಿಂದಿನ ಮಾತು. ಮಗಳಿಗೆ ಹದಿಮೂರು. ಪರೀಕ್ಷೆ ಹತ್ತಿರ ಬಂದಿತ್ತು. ಗಣಿತದ ಪುಸ್ತಕದ ಒಳಗೆ ದಪ್ಪನೆಯ ಫ್ಯಾಂಟಸಿ ಕಾದಂಬರಿ ಇಟ್ಕೊಂಡು ಓದ್ತಿದ್ದಳು. ಕಿತ್ತುಕೊಂಡು ಬೀರುವಿನ ಮೇಲಿಟ್ಟೆ. ಪರೀಕ್ಷೆ ಮುಗೀತು, ಮಾರ್ಕ್ಸೂ ಚೆನ್ನಾಗೇ ಬಂತು. ಧೂಳು ಒರೆಸಿ ಪುಸ್ತಕ ವಾಪಸ್ ಕೊಟ್ಟೆ. "ಬೇಡ ಅಪ್ಪ, ಕತೆ ಮರೆತುಹೋಯ್ತು" ಅಂದಳು. ಆಮೇಲೆ ಒಂದೂವರೆ ವರ್ಷ ಅವಳು ಯಾವ ಕಾದಂಬರಿಯನ್ನೂ ಮುಟ್ಟಲಿಲ್ಲ.

ಒಂದು ಭಾನುವಾರ ನಾವಿಬ್ಬರೂ 'ಪುಮ್ಜಿ' ಅನ್ನೋ ಚಿತ್ರ ನೋಡಿದೆವು. ಕೀನ್ಯಾದ ವನೂರಿ ಕಹಿಯು 2009ರಲ್ಲಿ ಮಾಡಿದ್ದು, ಇಪ್ಪತ್ತು ನಿಮಿಷದ ಆಸುಪಾಸಿನ ವೈಜ್ಞಾನಿಕ ಕಿರುಚಿತ್ರ. ಪುಮ್ಜಿ ಅಂದರೆ ಸ್ವಾಹಿಲಿಯಲ್ಲಿ ಉಸಿರು. ನೀರಿಗಾಗಿ ಯುದ್ಧ ಆಗಿಹೋದ ಮೇಲಿನ ಪೂರ್ವ ಆಫ್ರಿಕ ಅದು. ಹೊರಗೆ ಹಸಿರಿಲ್ಲ. ಜನ ಮುಚ್ಚಿದ ಊರೊಳಗೆ ಬದುಕ್ತಾರೆ, ತಮ್ಮ ಬೆವರನ್ನೂ ಮೂತ್ರವನ್ನೂ ಶುದ್ಧಮಾಡಿ ಕುಡೀತಾರೆ. ಆಶಾ ಎಂಬ ಹೆಣ್ಣುಮಗಳಿಗೆ ಕನಸಿನಲ್ಲಿ ಒಂದು ಮರ ಕಾಣುತ್ತೆ. ತಕ್ಷಣ ಯಂತ್ರ ಎಚ್ಚರಿಸುತ್ತೆ: ಕನಸು ಬಿದ್ದಿದೆ, ಮಾತ್ರೆ ನುಂಗು.

ಮಗಳು ತಿರುಗಿ ನನ್ನ ಮುಖ ನೋಡಿದಳು. ಏನೂ ಹೇಳಲಿಲ್ಲ. ಹೇಳೋದೇನೂ ಉಳಿದಿರಲಿಲ್ಲ.

ಈಗ ವಿಜ್ಞಾನದ ಮಾತಿಗೆ ಬರೋಣ. ವೈಜ್ಞಾನಿಕ ಕಾದಂಬರಿ ಮಾಡೋ ಕೆಲಸ ಏನು? ಜಗತ್ತಿನಲ್ಲಿ ಒಂದೇ ಒಂದು ಸಂಗತಿ ಬದಲಾಯಿಸಿ, ಅದರಿಂದ ಏನೇನಾಗುತ್ತೆ ಅಂತ ಕೊನೇವರೆಗೂ ಬೆನ್ನುಹತ್ತೋದು. ಹೊರಗೆ ನೀರಿಲ್ಲದಿದ್ದರೆ? ಬೆವರಿಗೂ ಲೆಕ್ಕ ಬೇಕಾಗುತ್ತೆ. ವಾರಕ್ಕೆ ಕೆಲವೇ ದಿನ ನಲ್ಲಿ ನೀರು ಬರೋ ನೈರೋಬಿಯ ಮಕ್ಕಳಿಗೂ, 2024ರ ಬೇಸಿಗೆಯಲ್ಲಿ ಟ್ಯಾಂಕರ್ ಕಾದ ಬೆಂಗಳೂರಿನ ಮಕ್ಕಳಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾಂಟಸಿಯಲ್ಲೂ ಅಷ್ಟೆ. ಒಳ್ಳೆ ಕತೆಯಲ್ಲಿ ಮಂತ್ರಕ್ಕೂ ಕಾನೂನಿರುತ್ತೆ, ಬೆಲೆ ಇರುತ್ತೆ. "ಹೋದ ಅಧ್ಯಾಯದಲ್ಲಿ ಆಗಲ್ಲ ಅಂದಿದ್ದು ಈಗ ಹೇಗಾಯ್ತು?" ಅಂತ ಮಗು ಜಗಳ ತೆಗೆದರೆ ಖುಷಿಪಡಿ. ಪ್ರಯೋಗಶಾಲೆಯಲ್ಲಿ ಬೇಕಾದ ಕಣ್ಣು ಅದೇ.

ಹಾಗಾದರೆ ಯಾವ ಪುಸ್ತಕ ಕೊಡಬೇಕು? ಇಂಟರ್ನೆಟ್ಟಿನಲ್ಲಿ ಪಟ್ಟಿಗಳಿಗೇನೂ ಬರ ಇಲ್ಲ. ಆದರೆ ಬಹುಪಾಲು ಪಟ್ಟಿಗಳಲ್ಲಿ ಅದ್ಭುತ ಅನ್ನೋದು ನಡೆಯೋದು ಹಿಮ ಬೀಳೋ ಊರಲ್ಲಿ. ನಮ್ಮ ಮಕ್ಕಳು ಕತೆ ಬರೆದರೂ ಅಂತರಿಕ್ಷ ನೌಕೆ ಇಳಿಯೋದು ನ್ಯೂಯಾರ್ಕ್‌ನಲ್ಲೇ, ನ್ಗಾಂಗ್ ಬೆಟ್ಟದ ಮೇಲಲ್ಲ, ಮುಳ್ಳಯ್ಯನಗಿರಿ ಮೇಲೂ ಅಲ್ಲ. ಅದಕ್ಕೇ ನನ್ನ ಸಲಹೆ: ಮೊದಲು ಹತ್ತಿರದ ಅದ್ಭುತ ಕೊಡಿ, ದೂರದ್ದನ್ನು ಮಕ್ಕಳೇ ಹುಡುಕಿಕೊಳ್ತಾರೆ.

ಎರಡು ಪುಸ್ತಕ ಹೇಳ್ತೀನಿ. 2025ರಲ್ಲಿ ತೀರಿಕೊಂಡ ಗೂಗಿ ವಾ ಥಿಯಾಂಗೊ ದೊಡ್ಡವರಿಗೆ ಬರೆದದ್ದು ನಮಗೆ ಗೊತ್ತು. ಅವರು ಮಕ್ಕಳಿಗೂ ಬರೆದರು, ಗಿಕುಯು ಭಾಷೆಯಲ್ಲಿ. 1982ರಲ್ಲಿ ಬಂದ ಒಂದು ಕತೆಯಲ್ಲಿ ನ್ಜಾಂಬಾ ನೆನೆ ಅನ್ನೋ ಬಡ ಹುಡುಗ ಇದ್ದಾನೆ. ಶಾಲೆಯಲ್ಲಿ ಎಲ್ಲರೂ ಅವನನ್ನು ಗೇಲಿ ಮಾಡ್ತಾರೆ. ಮಕ್ಕಳು ಕೂತಿದ್ದ ಬಸ್ಸಿಗೆ ರೆಕ್ಕೆ ಬಂದು, ಅದು ಹಾರಿ ಅವರನ್ನೆಲ್ಲ ಕಾಡಿನಲ್ಲಿ ಇಳಿಸುತ್ತೆ. ಯುರೋಪಿನದೆಲ್ಲ ಬಾಯಿಪಾಠ ಮಾಡಿದ ಜಾಣರಿಗೆ ದಿಕ್ಕೇ ತೋಚಲ್ಲ. ತನ್ನ ನೆಲ ಗೊತ್ತಿದ್ದ ನ್ಜಾಂಬಾ ನೆನೆಯೇ ದಾರಿ ತೋರಿಸಬೇಕಾಗುತ್ತೆ. ಇಂಗ್ಲಿಷಿನಲ್ಲೂ ಸಿಗುತ್ತೆ. ಎಂಟು-ಹತ್ತು ವರ್ಷದವರಿಗೆ ಸರಿಯಾಗಿದೆ.

ಅದಕ್ಕೆ ಎರಡೇ ವರ್ಷ ಮೊದಲು, 1980ರಲ್ಲಿ, ನಮ್ಮ ಮೂಡಿಗೆರೆಯಿಂದ ಬಂದದ್ದು ತೇಜಸ್ವಿಯವರ 'ಕರ್ವಾಲೊ'. ಊರವರ ಕಣ್ಣಲ್ಲಿ ಮಂದಣ್ಣ ಕೆಲಸಕ್ಕೆ ಬಾರದ ಹುಡುಗ. ವಿಜ್ಞಾನಿ ಕರ್ವಾಲೊಗೆ ಮಾತ್ರ ಅವನಲ್ಲಿ ಹುಟ್ಟಾ ಪ್ರಕೃತಿ ವಿಜ್ಞಾನಿ ಕಾಣ್ತಾನೆ. ಹಾರುವ ಓತಿಯನ್ನು ಹುಡುಕಿ ಹೊರಟವರಿಗೆ ಅವನ ಕಣ್ಣೇ ಬೇಕು. ಗೂಗಿಯವರಿಗೂ ತೇಜಸ್ವಿಯವರಿಗೂ ನಡುವೆ ಒಂದು ಸಮುದ್ರವೇ ಇತ್ತು. ಆದರೂ ಇಬ್ಬರೂ ಮಕ್ಕಳಿಗೆ ಹೇಳಿದ್ದು ಒಂದೇ: ನಿನ್ನ ಕಾಲಕೆಳಗಿನ ನೆಲದಲ್ಲಿ ಇನ್ನೂ ಪತ್ತೆಯಾಗದ್ದು ಇದೆ, ಅದನ್ನು ನೋಡೋ ಕಣ್ಣಿಗೆ ಮಾರ್ಕ್ಸ್ ಕಾರ್ಡ್ ಬೇಕಿಲ್ಲ.

"ನಮ್ಮ ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲವಲ್ಲ" ಅಂತೀರಿ. ನನ್ನ ಮಗಳಿಗೂ ಬರಲ್ಲ. ರಾತ್ರಿ ಊಟ ಆದ ಮೇಲೆ ಹತ್ತತ್ತು ಪುಟ ನಾನೇ ಗಟ್ಟಿಯಾಗಿ ಓದಿದೆ. "ಓತಿ ಅಂದರೆ ಮ್ಜೂಸಿನಾ?" ಅಂತ ಸ್ವಾಹಿಲಿಯಲ್ಲಿ ಕೇಳಿದಳು. ಆಮೇಲೆ ಫೋನು ತೆಗೆದು, ಪಶ್ಚಿಮ ಘಟ್ಟದಲ್ಲಿ ನಿಜಕ್ಕೂ ಇರೋ ಹಾರುವ ಓತಿಯ ಚಿತ್ರ ಹುಡುಕಿದಳು. ಅದು ಹಕ್ಕಿಯ ಹಾಗೆ ರೆಕ್ಕೆ ಬಡಿಯಲ್ಲ. ಉದ್ದಕ್ಕೆ ಚಾಚೋ ಪಕ್ಕೆಲುಬುಗಳ ಮೇಲೆ ಚರ್ಮ ಹರಡಿಕೊಂಡು ಮರದಿಂದ ಮರಕ್ಕೆ ತೇಲುತ್ತೆ. "ಅಂದ್ರೆ ಪಕ್ಕೆಲುಬೇ ರೆಕ್ಕೆ ಆಯ್ತಾ? ಉಸಿರಾಡೋದು ಹೇಗೆ ಮತ್ತೆ?" ಅಂದಳು. ಪಠ್ಯಪುಸ್ತಕ ಓದಿ ಅವಳು ಅಂಥ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಇನ್ನೂ ಚಿಕ್ಕವರಿದ್ದರೆ ಗೂಗಿಯವರ ಇನ್ನೊಂದು ಕತೆ ಇದೆ, ಮನುಷ್ಯ ಯಾಕೆ ನೆಟ್ಟಗೆ ನಡೀತಾನೆ ಅಂತ. ಕೈಗೂ ಕಾಲಿಗೂ ಯಾರು ದೊಡ್ಡವರು ಅಂತ ಪಂದ್ಯ. 2016ರಲ್ಲಿ ಜಲಾಡ ಪತ್ರಿಕೆ ಅದನ್ನು ಹಲವಾರು ಭಾಷೆಗಳಲ್ಲಿ ತಂದಿತು, ಕನ್ನಡದಲ್ಲೂ ಇದೆ. ಕತೆ ಹೇಳಿ, ಆಮೇಲೆ ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರಕೊಂಡು ಹೋಗಿ. ಕಮೋಯ ಕಿಮೆಯು 1984ರಲ್ಲಿ ತುರ್ಕಾನಾ ಸರೋವರದ ಹತ್ತಿರ ಪತ್ತೆಹಚ್ಚಿದ, ಸುಮಾರು 15 ಲಕ್ಷ ವರ್ಷ ಹಳೆಯ 'ತುರ್ಕಾನಾ ಹುಡುಗ'ನ ಕತೆ ಅಲ್ಲಿ ಕಾದಿದೆ. ಅವನೂ ಎರಡು ಕಾಲಲ್ಲಿ ನಡೆದವನೇ. ಕತೆ ನಿಜವಲ್ಲ ಅಂತ ಮಗುವಿಗೆ ಗೊತ್ತಾಗುತ್ತೆ. ಆದರೆ ಆ ಪ್ರಶ್ನೆ ನಿಜವಾದದ್ದೇ ಅನ್ನೋದೂ ಗೊತ್ತಾಗುತ್ತೆ.

ಹದಿನಾಲ್ಕು ದಾಟಿದವರಿಗೆ ಮೊಂಬಾಸಾದ ಖದೀಜಾ ಅಬ್ದಲ್ಲಾ ಬಜಾಬೆರ್ ಬರೆದ 'ದಿ ಹೌಸ್ ಆಫ್ ರಸ್ಟ್' ಕೊಡಿ. ಕಡಲಲ್ಲಿ ಕಳೆದುಹೋದ ಅಪ್ಪನನ್ನು ಹುಡುಕಿಕೊಂಡು, ಮಾತಾಡೋ ಬೆಕ್ಕಿನ ಜೊತೆ ಮೂಳೆಯ ದೋಣಿಯಲ್ಲಿ ಹೊರಡೋ ಹುಡುಗಿಯ ಕತೆ. 2022ರಲ್ಲಿ ಮೊದಲ ಅರ್ಸುಲಾ ಲೆ ಗ್ವಿನ್ ಪ್ರಶಸ್ತಿ ಬಂದದ್ದು ಇದಕ್ಕೇ. ಭಾಷೆ ಸ್ವಲ್ಪ ಬಿಗಿ, ನಿಧಾನವಾಗಿ ಓದಲಿ.

ಹಾಗಂತ ಡ್ರ್ಯಾಗನ್ ಪುಸ್ತಕ ಕಸಿದು ಈ ಪುಸ್ತಕ ತುರುಕಬೇಡಿ. ನಮ್ಮ ಮನೆಯಲ್ಲಿ ಈಗ ಒಂದಕ್ಕೊಂದು ಲೆಕ್ಕ: ಅವಳು ಆರಿಸಿದ್ದು ಒಂದು, ನಾನು ಆರಿಸಿದ್ದು ಒಂದು. ಅವಳು ಆರಿಸಿದ್ದನ್ನು ನಾನೂ ಓದಬೇಕು. ಕಷ್ಟಪಟ್ಟು ಓದ್ತಿದ್ದೀನಿ! ಓದಿದ ಮೇಲೆ ಪರೀಕ್ಷೆ ಮಾಡಬೇಡಿ, "ನೀತಿ ಏನು?" ಅಂತ ಕೇಳಬೇಡಿ. ಬೇಸರ ಆದರೆ ಅರ್ಧಕ್ಕೆ ಬಿಡೋ ಹಕ್ಕು ಅವರಿಗಿರಲಿ.

ಆ ಹಳೇ ಕಾದಂಬರಿ? ಅದನ್ನು ಅವಳು ಇವತ್ತಿಗೂ ಮುಗಿಸಿಲ್ಲ. ಬೇರೆ ಪುಸ್ತಕ ಓದ್ತಾಳೆ, ಅದೊಂದನ್ನು ಮಾತ್ರ ಮುಟ್ಟಲ್ಲ. ಆ ಋಣ ನನ್ನ ತಲೆಮೇಲೆ ಹಾಗೇ ಇದೆ.

ನಿಮ್ಮನೆ ಬೀರುವಿನ ಮೇಲೂ ಅಂಥದ್ದೊಂದು ಪುಸ್ತಕ ಇದ್ದರೆ, ಪರೀಕ್ಷೆ ಮುಗಿಯೋವರೆಗೂ ಕಾಯಬೇಡಿ. ಇವತ್ತೇ ಇಳಿಸಿ ಕೊಡಿ.